ದುಡಿಯುವ ತಾಣವೂ ಆಸರೆಯಾಗಲಿ

ಕೆಲವು ವರ್ಷಗಳ ಹಿಂದೆ ನಾನು ಶಾಲೆಯೊಂದರ ಸಂಚಾಲಕನಾಗಿದ್ದಾಗ, ಪದೇ ಪದೇ ಗೈರುಹಾಜರಾಗುತ್ತಿದ್ದ ಶಿಕ್ಷಕಿಯೊಬ್ಬರಿಗೆ ಕಾರಣ ಕೇಳಿ ನೋಟೀಸು ಕೊಟ್ಟಿದ್ದೆ. ಉತ್ತರವಾಗಿ ಬಂದುದು ರಾಜೀನಾಮೆ. ಗಂಡನ ಏಟಿನ ಬಾವು ಇಳಿಯುವವರೆಗೆ ಮಕ್ಕಳೆದುರು ನಿಲ್ಲಲಾರದೆ ಅವರು ಮನೆಯಲ್ಲುಳಿಯುತ್ತಿದ್ದರೆಂಬುದು ನನಗೆ ತಿಳಿದುದು ಅನಂತರ. ಹಾಜರಿ ಪುಸ್ತಕವನ್ನು ನೋಡಿದ ನಾನು ಅವರ ಮುಖವನ್ನು ನೋಡಿರಲಿಲ್ಲ.

"ಮನೆಯ ಜಗಳದಲ್ಲಿ ಆಡಳಿತಕ್ಕೇನು ಕೆಲಸ?" ಎಂದು ಕೇಳುವವರುಂಟು. ಶ್ರಮಕ್ಕಿಂತ ಶ್ರಮಿಸುವ ವ್ಯಕ್ತಿಯೇ ಹಿರಿದೆಂದು ಪೋಪ್ ದ್ವಿತೀಯ ಜಾನ್ ಪೌಲರು 1981ರ ತಮ್ಮ ಪರಿಪತ್ರದಲ್ಲಿ ಬೋಧಿಸಿದರು. ಆ ವ್ಯಕ್ತಿ ಮನೆಯಲ್ಲೊಬ್ಬಳು, ಶಾಲೆಯಲ್ಲಿ ಇನ್ನೊಬ್ಬಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ವಿವಾಹವಾದ ಸ್ತ್ರೀಯರಲ್ಲಿ ಶೇಕಡಾ 44 ಮಂದಿ ಪತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರು. ದುಡಿಯಲು ಹೋಗುವವಳಿಗೆ ಗಂಡನ ಕಣ್ಣಳತೆಯ ಹೊರಗೆ ದೊರೆಯುವ ತಾಣವೆಂದರೆ ಅವಳು ದುಡಿಯುವ ಸ್ಥಳವೇ.

ನಮ್ಮ ಕಾನೂನು ಅರ್ಧ ದಾರಿ ನಡೆದಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ 2013ರ ಕಾಯಿದೆಯಿದೆ; 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ನಮ್ಮ ಶಾಲೆ, ಆಸ್ಪತ್ರೆಗಳೂ ಇದಕ್ಕೆ ಹೊರತಲ್ಲ. ಮನೆಯ ಹಿಂಸೆಗೆ 2005ರ ಕಾಯಿದೆ ನ್ಯಾಯಾಲಯದ ರಕ್ಷಣೆ ನೀಡುತ್ತದೆ. ನ್ಯಾಯಾಲಯಕ್ಕೆ ಹೋಗಲು ರಜೆ ನೀಡುವುದಿಲ್ಲ. ವಕೀಲರು, ನ್ಯಾಯಾಧೀಶರು ಸಿಗುವುದೋ ದುಡಿಮೆಯ ಹೊತ್ತಿನಲ್ಲೇ. ಕಥೋಲಿಕರೇ ಬಹುಸಂಖ್ಯಾತರಾದ ಫಿಲಿಪ್ಪೀನ್ಸ್ 2004ರಲ್ಲಿಯೇ ಇಂತಹ ಮಹಿಳೆಯರಿಗೆ 10 ದಿನಗಳವರೆಗೆ ವೇತನಸಹಿತ ರಜೆಯ ಹಕ್ಕನ್ನಿತ್ತಿತು. ನ್ಯೂಜಿಲೆಂಡಿನಲ್ಲಿ 2019ರಿಂದ ಅಷ್ಟೇ ದಿನಗಳ ರಜೆ ಜಾರಿಯಲ್ಲಿದೆ.

ಕಾನೂನಿಗಾಗಿ ನಾವು ಕಾಯಬೇಕಾಗಿಲ್ಲ. ಗುಟ್ಟು ಕಾಯಬಲ್ಲ ಹಿರಿಯ ಮಹಿಳೆಯೊಬ್ಬರನ್ನು ಪ್ರತಿ ಸಂಸ್ಥೆಯಲ್ಲೂ ಗೊತ್ತುಮಾಡೋಣ. ಅಗತ್ಯಬಿದ್ದಾಗ ರಜೆ ಕೊಡೋಣ. ಸಂಬಳ ಅವಳ ಸ್ವಂತ ಖಾತೆಗೇ ಹೋಗಲಿ. 181ರ ಸಹಾಯವಾಣಿ ಸಂಖ್ಯೆ ಸೂಚನಾ ಫಲಕದಲ್ಲಿರಲಿ. ಗಂಡ ಗೇಟಿನ ಬಳಿ ಗದ್ದಲವೆಬ್ಬಿಸಿದರೆ ಶಿಕ್ಷೆ ಅವಳಿಗಾಗದಿರಲಿ. ಮುಖ್ಯವಾಗಿ, ಅವಳ ಒಪ್ಪಿಗೆಯಿಲ್ಲದೆ ಗಂಡನನ್ನು ಕರೆಸಿ ರಾಜಿ ಮಾಡಿಸುವ ಆತುರ ಬೇಡ. ಧರ್ಮಗುರುಗಳಾದ ನಾವೂ ಈ ತಪ್ಪನ್ನು ಮಾಡಿದ್ದೇವೆ. ಅವಳಾಡಿದ ಮಾತು ಗಂಡನ ಕಿವಿಗೆ ಬಿದ್ದ ರಾತ್ರಿ ಅವಳ ಪಾಡೇನಾದೀತೆಂದು ಯೋಚಿಸಲಿಲ್ಲ.

ಇದರಿಂದ ಸಂಸಾರ ಒಡೆಯದೇ ಎಂಬ ಅಂಜಿಕೆ ಕೆಲವರಿಗಿದೆ. ಸಂಸಾರವನ್ನು ಒಡೆಯುವವನು ಕೈಯೆತ್ತಿದವನೇ ಹೊರತು ರಜೆ ಕೊಟ್ಟವರಲ್ಲ. ಗಂಭೀರ ಅಪಾಯವಿರುವಲ್ಲಿ ಬೇರೆ ವಾಸಿಸಲು 1983ರ ಧರ್ಮಸಭೆಯ ಕಾನೂನು ಸಂಹಿತೆಯೇ ಅವಕಾಶವಿತ್ತಿದೆ.

ಗೈರುಹಾಜರಿಗೆ ಕಾರಣ ಕೇಳಿ ನೋಟೀಸು ಬರೆಯಲು ಹೊರಟಿರುವ ಸಂಚಾಲಕರೇ, ಮುಖ್ಯೋಪಾಧ್ಯಾಯರೇ, ಮಾಲಿಕರೇ, ಮೊದಲು ಅವರನ್ನು ಕುಳ್ಳಿರಿಸಿ, "ಮನೆಯಲ್ಲಿ ಕ್ಷೇಮವೇ?" ಎಂದು ಕೇಳಿರಿ. ನಾನು ಕೇಳಿರಲಿಲ್ಲ.