ನೀರಿನಲ್ಲಿ ನಿಂತ ಗುಡಿ

ಈ ಬೇಸಿಗೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹಾಸನದ ಹತ್ತಿರದ ಶೆಟ್ಟಿಹಳ್ಳಿಗೆ ಹೋಗಿದ್ದೆ. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ರೋಸರಿ ಚರ್ಚನ್ನು ನೀವು ಫೋಟೋದಲ್ಲಾದರೂ ನೋಡಿರುತ್ತೀರಿ. ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು, ಊರಿನವರು ಗಂಟುಮೂಟೆ ಕಟ್ಟಿದರು. ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಚಾವಣಿ ಇಲ್ಲ, ಗೋಡೆ ಕಮಾನುಗಳಷ್ಟೇ ಉಳಿದಿವೆ.

ಮೂರನೆಯ ಕ್ಲಾಸಿನ ಮೊಮ್ಮಗಳು ಕತ್ತೆತ್ತಿ ನೋಡಿ, "ತಾತ, ನೀರು ಬಂದಾಗ ದೇವರು ಎಲ್ಲಿಗೆ ಹೋದ?" ಅಂದಳು.

ಇಂಥ ಪ್ರಶ್ನೆಯನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಆಗ ನಾನು ಆ ಕಡೆಯ ಬ್ಯಾಂಕೊಂದರಲ್ಲಿ ಗುಮಾಸ್ತ. ಮುಳುಗಡೆ ಊರಿನವರು ಪರಿಹಾರದ ಚೆಕ್ ಹಿಡಿದು ಖಾತೆ ತೆರೆಯಲು ಬರುತ್ತಿದ್ದರು. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಬಂದರು. ಕೊರಳಲ್ಲಿ ಜಪಸರ. ಸೆರಗಿನ ಗಂಟು ಬಿಚ್ಚಿ ಚೆಕ್ ತೆಗೆದಾಗ ಅದರ ಜೊತೆ ಗಾರೆಯ ಚೂರೊಂದು ಕೌಂಟರಿನ ಮೇಲೆ ಬಿತ್ತು.

"ಹೊಲಕ್ಕೆ ಇಷ್ಟು, ಮನೆಗೆ ಇಷ್ಟು ಅಂತ ಬರ್ದವ್ರೆ. ಗುಡಿಗೆ ಎಷ್ಟು ಸ್ವಾಮಿ?" ಅಂದರು.

"ಅದು ನಿಮ್ಮ ಖಾತೆಗೆ ಬರಲ್ಲಮ್ಮ. ಆ ಮಣ್ಣು ತೆಗೀರಿ, ಲೆಡ್ಜರ್ ಗಲೀಜಾಗುತ್ತೆ. ಇಲ್ಲಿ ಹೆಬ್ಬೆಟ್ಟು ಒತ್ತಿ," ಅಂದೆ. ಹಿಂದೆ ಸಾಲು ಉದ್ದವಿತ್ತು. ಅವರು ಚೂರನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದರು. ನಾನೂ ಅದೇ ಮತದವನು, ಭಾನುವಾರದ ಪೂಜೆ ತಪ್ಪಿಸಿದವನಲ್ಲ. ಆದರೂ ಹಾಗಂದೆ.

ಮೊಮ್ಮಗಳಿಗೆ ಸಮಾಧಾನವಾಗಿ ಹೇಳಿದೆ. ನಮ್ಮ ಚರ್ಚಿನಲ್ಲಿ ಪರಮಪ್ರಸಾದ ಇಡುವ ಪೆಟ್ಟಿಗೆಯ ಪಕ್ಕದಲ್ಲಿ ಒಂದು ದೀಪ ಸದಾ ಉರಿಯುತ್ತದಲ್ಲ, ಯೇಸುಸ್ವಾಮಿ ಇಲ್ಲಿದ್ದಾರೆ ಎಂಬುದಕ್ಕೆ ಅದು ಗುರುತು. ಚರ್ಚು ಬಿಟ್ಟು ಹೋಗುವಾಗ ಪಾದ್ರಿಗಳು ಪ್ರಸಾದವನ್ನು ಭಕ್ತಿಯಿಂದ ಬೇರೆ ಕಡೆಗೆ ಒಯ್ಯುತ್ತಾರೆ. ಆಮೇಲೆ ಆ ದೀಪಕ್ಕೆ ಅಲ್ಲಿ ಕೆಲಸವಿಲ್ಲ.

ಸೊಲೊಮೋನ ರಾಜನ ಕಥೆಯನ್ನೂ ಹೇಳಿದೆ. ಏಳು ವರ್ಷ ಹಿಡಿದು ಜೆರುಸಲೇಮಿನಲ್ಲಿ ದೇವಾಲಯ ಕಟ್ಟಿಸಿದವನು. ಪ್ರತಿಷ್ಠೆಯ ದಿನ ಅವನೇ ಪ್ರಾರ್ಥನೆಯಲ್ಲಿ, ಆಕಾಶವೇ ಸಾಲದ ನಿನಗೆ ನಾನು ಕಟ್ಟಿದ ಈ ಮನೆ ಎಲ್ಲಿ ಸಾಕಾದೀತು ಎಂದು ಕೇಳಿಕೊಂಡ. ಆದರೂ ಹಗಲುರಾತ್ರಿ ಇದರ ಮೇಲೆ ಕಣ್ಣಿಟ್ಟಿರು ಎಂದು ಬೇಡಿಕೊಂಡ! ಆ ದೇವಾಲಯವನ್ನು ಬಾಬಿಲೋನಿನವರು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನರು ಸುಟ್ಟರು. ಅದಕ್ಕೂ ಮುಂಚೆ, ಬಾವಿಯ ಬಳಿ ಸಮಾರಿಯದ ಹೆಂಗಸು ಆರಾಧನೆ ಈ ಬೆಟ್ಟದಲ್ಲೋ ಜೆರುಸಲೇಮಿನಲ್ಲೋ ಎಂಬ ಮಾತೆತ್ತಿದಾಗ, ಎರಡೂ ಕಡೆ ಅಲ್ಲದ ಕಾಲ ಬರುತ್ತದೆ ಎಂದಿದ್ದರು ಯೇಸುಸ್ವಾಮಿ.

ಇಲ್ಲಿಗೆ ಲೆಕ್ಕ ತಾಳೆಯಾಗಬೇಕು. ಆದರೆ ನನಗೆ ಆಗುವುದಿಲ್ಲ. ದೇವರು ಎಲ್ಲ ಕಡೆ ಇದ್ದಾನೆಂದು ಆ ಹೆಂಗಸಿಗೆ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿಯೇ ಗೊತ್ತಿದ್ದೀತು. ಅವರಿಗೆ ಜ್ಞಾನಸ್ನಾನವಾದದ್ದು, ತಾಳಿ ಬಿದ್ದದ್ದು, ತಂದೆತಾಯಿಯ ಶವದ ಮುಂದೆ ಮೊಣಕಾಲೂರಿದ್ದು ಬಹುಶಃ ಈ ಗೋಡೆಗಳ ನಡುವೆಯೇ. ಜೆರುಸಲೇಮಿನಲ್ಲೂ ದೇವಾಲಯ ಹೋಗಿ ಎಷ್ಟೋ ಶತಮಾನವಾದರೂ, ಅದರ ಆವರಣದ ಪಶ್ಚಿಮದ ಗೋಡೆಗೆ ಹಣೆ ಒತ್ತಿ ಯೆಹೂದ್ಯರು ಇಂದಿಗೂ ಪ್ರಾರ್ಥಿಸುತ್ತಾರೆ.

ಪೀಠವಿದ್ದ ಕಡೆ ಕಲ್ಲೊಂದರ ಮೇಲೆ ಮೇಣ ಕರಗಿ ಅಂಟಿತ್ತು. ಯಾರೋ ಇತ್ತೀಚೆಗೆ ಬಂದು ಮೇಣದಬತ್ತಿ ಹಚ್ಚಿದ್ದಾರೆ.

ಮೊಮ್ಮಗಳು ಕೆಳಗೆ ಬಿದ್ದಿದ್ದ ಗಾರೆಯ ಚೂರೊಂದನ್ನು ಎತ್ತಿ, "ಮನೆಗೆ ತಗೊಂಡು ಹೋಗ್ಲಾ ತಾತ?" ಅಂದಳು.

"ಬೇಡಮ್ಮ, ಬಂದವರೆಲ್ಲ ಒಂದೊಂದು ಚೂರು ಒಯ್ದರೆ ಇದೂ ಉಳಿಯಲ್ಲ," ಅಂದೆ. ಅವಳು ಅದನ್ನು ಮೇಣ ಅಂಟಿದ್ದ ಕಲ್ಲಿನ ಮೇಲಿಟ್ಟಳು, ಫ್ರಾಕಿಗೆ ಕೈ ಒರೆಸಿಕೊಂಡು ನೀರಿನ ಕಡೆ ಓಡಿದಳು.