ಉಕ್ಕಿನ ಕಲಹ, ಕಡಲೆಯ ಸುಂಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರ ಅನುಭವದ ಮಾತು. ಬಸವಕಲ್ಯಾಣದ ನೆರೆಯ ಹುಲಸೂರಿನ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಿಜಾಮರ ಆಳಿಕೆಯಲ್ಲಿ ಕರೋಡಗಿರಿಯನ್ನು ಕಂಡ ಸೀಮೆಯದು. ಆ ಕರೋಡಗಿರಿಯು ಅಳಿದುಹೋಯಿತು. ಆದರೆ ಅಲ್ಲಿಯ ಕರಿಯ ಭೂಮಿಯಲ್ಲಿ ಬೆಳೆವ ಕಡಲೆಯ ಧಾರಣೆಯು ಇಂದು ದೂರದ ಬಂದರಗಳ ಸುಂಕದ ಕಟ್ಟೆಗೆ ಕಟ್ಟುಬಿದ್ದಿರುವದು.

2018 ರ ಮಾರ್ಚದಲ್ಲಿ ಅಮೇರಿಕವು ರಾಷ್ಟ್ರರಕ್ಷಣೆಯ ಕಾರಣವನ್ನು ಮುಂದೊಡ್ಡಿ ಪರದೇಶದ ಉಕ್ಕಿನ ಮೇಲೆ ಶೇಕಡಾ 25, ಅಲ್ಯುಮಿನಿಯಮ್ಮಿನ ಮೇಲೆ ಶೇಕಡಾ 10 ರಂತೆ ಸುಂಕವನ್ನು ಹೇರಿತು. 2019 ರ ಜೂನದಲ್ಲಿ ನಮ್ಮ ಮಾಲಿಗಿದ್ದ ರಿಯಾಯತಿಯನ್ನೂ ಕಿತ್ತುಕೊಂಡಿತು. ಅದೇ ತಿಂಗಳ 16 ರಂದು ಭಾರತ ಸರಕಾರವು ಅಮೇರಿಕದ 28 ಬಗೆಯ ಸರಕುಗಳ ಮೇಲೆ ಪ್ರತೀಕಾರದ ಸುಂಕವನ್ನು ವಿಧಿಸಿತು. ಸೇಬು, ಬದಾಮಿ, ಅಕ್ರೋಟಗಳೊಡನೆ ಕಡಲೆ, ಮಸೂರಗಳೂ ಆ ಯಾದಿಯಲ್ಲಿದ್ದವು. 2023 ರ ಜೂನದಲ್ಲಿ ಉಭಯ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿದ್ದ 6 ವ್ಯಾಜ್ಯಗಳನ್ನು ತೀರಿಸಿಕೊಂಡಾಗ ಇವುಗಳ ಮೇಲಿನ ಪ್ರತೀಕಾರದ ಸುಂಕವನ್ನು ತೆಗೆಯಲು ಒಪ್ಪಿಗೆಯಾಯಿತು. ಉಕ್ಕಿಗಾಗಿ ಹುಟ್ಟಿದ ಕಲಹದಲ್ಲಿ ಕಡಲೆಯು ಪಗಡೆಯ ಕಾಯಿಯಾಯಿತಷ್ಟೆ!

ಈ ನಾಲ್ಕು ವರ್ಷಗಳ ಸುಂಕದಿಂದ ನಮ್ಮ ರೈತನಿಗೆ ರಕ್ಷಣೆಯು ದೊರೆಯಿತೆನ್ನುವಂತಿಲ್ಲ. ಒಂದು ದೇಶಕ್ಕೆ ಬಾಗಿಲಿಕ್ಕಿದರೆ ಸರಕು ಮತ್ತೊಂದು ಬಾಗಿಲಿನಿಂದ ಬರುವದು. ಮಸೂರವು ಕೆನಡಾ, ಆಸ್ಟ್ರೇಲಿಯಗಳಿಂದ ಬಂದಿತು. ಬಡರಾಷ್ಟ್ರಗಳಿಗಿತ್ತ ರಿಯಾಯತಿಯ ಮೇಲೆ ಟಾಂಜಾನಿಯದ ಕಡಲೆಯು ಸುಂಕವಿಲ್ಲದೆ ಒಳಬಂದಿತು. ದೇಶ ನೋಡಿ ಸುಂಕ ಹಾಕುವಲ್ಲಿ ಕಾಳಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. 2020 ರ ಸಪ್ಟೆಂಬರ 21 ರಿಂದ, ಒಪ್ಪಂದದ ರಿಯಾಯತಿ ಬೇಡುವ ವರ್ತಕನು ಸರಕಿನ ಮೂಲದೇಶದ ಪುರಾವೆಯನ್ನು ತಾನೇ ಇಟ್ಟುಕೊಂಡಿರಬೇಕೆಂಬ ನಿಯಮವು ಜಾರಿಗೆ ಬಂದಿತು. ವಂಚನೆಯನ್ನು ತಡೆಯಲು ಇದು ಅವಶ್ಯವೇ ಸರಿ. ಆದರೆ ಮುಂಬಯಿಯ ದೊಡ್ಡ ವರ್ತಕನು ಹೊರಬಲ್ಲ ಈ ಭಾರವನ್ನು ನಮ್ಮ ಸೀಮೆಯ ಸಣ್ಣ ಬೇಳೆಯ ಗಿರಣಿಯವನು ಹೊರಲಾರನು.

ಹಾಗಾದರೆ ಪೆಟ್ಟು ತಿಂದು ಸುಮ್ಮನಿರಬೇಕೆ? ಎಂದಿಗೂ ಅಲ್ಲ. 2025 ರ ಆಗಸ್ಟ 27 ರಂದು ಅಮೇರಿಕವು ನಮ್ಮ ಬಹುತರ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50 ಕ್ಕೇರಿಸಿದಾಗ ಸ್ವಾಭಿಮಾನಿಯಾದ ಯಾವ ರಾಷ್ಟ್ರವೂ ಕೆರಳದೆ ಇರಲಾರದಾಗಿತ್ತು. ಆದರೆ ಪ್ರತೀಕಾರವು ಎದುರಾಳಿಗೆ ನೋವಾಗುವಲ್ಲಿ ಬೀಳಬೇಕು. ನಮ್ಮ ಒಕ್ಕಲುಮಕ್ಕಳ ಬೆಳೆಯು ಸಂಧಾನದ ಮೇಜಿನ ಮೇಲಿನ ಪಣವಾಗಬಾರದು.

ರೈತನ ನಿಜವಾದ ಸಂಕಟವು ಸುಂಕದ ಚಂಚಲತೆಯಲ್ಲಿರುವದು. 2023 ರ ಡಿಸೆಂಬರದಲ್ಲಿ ಕಡಲೆಯು ಹೊಲದಲ್ಲಿ ನಿಂತಿದ್ದಾಗಲೇ ಹಳದಿ ಬಟಾಣಿಯ ಮೇಲಿನ ಸುಂಕವು ಹೋಯಿತು. 2024 ರ ಮೇದಲ್ಲಿ ಕಡಲೆಯ ಮೇಲಿನದೂ ಹೋಯಿತು. 2025 ರ ನವೆಂಬರ 1 ರಿಂದ ಬಟಾಣಿಗೆ ಮತ್ತೆ ಶೇಕಡಾ 30 ಸುಂಕ! ಪಟ್ಟಣದ ಬಡವನಿಗೆ ಬೇಳೆಯು ಸೋವಿಯಾಗಿ ಸಿಗಬೇಕೆಂಬುದು ನ್ಯಾಯವೇ. ಆದರೆ ಅದರ ವೆಚ್ಚವನ್ನು ಬಿತ್ತಿದವನೊಬ್ಬನ ತಲೆಗೆ ಕಟ್ಟುವದು ನ್ಯಾಯವಲ್ಲ.

ಆದುದರಿಂದ ಕಾಳುಕಡಿಗಳ ಸುಂಕವನ್ನು ಹಿಂಗಾರಿ ಬಿತ್ತನೆಗೆ ಮುಂಚೆಯೇ ಸಾರಿ, ಬೆಳೆಯು ಪೇಟೆ ಸೇರುವ ವರೆಗೆ ಅದನ್ನು ಬದಲಿಸದಿರಬೇಕು. ಪ್ರತೀಕಾರದ ಯಾದಿಯಿಂದ ಅವುಗಳನ್ನು ಹೊರಗಿಡಬೇಕು. ಕಲ್ಯಾಣದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನಿದ್ದನು. ಸುಂಕದ ವಸೂಲಿಯೂ ಅವನ ಕೈಯಲ್ಲಿ ಕಾಯಕವಾಯಿತು. ದಿಲ್ಲಿಯ ಸುಂಕವೂ ಕಾಯಕವಾಗಲಿ, ಜೂಜಾಗದಿರಲಿ.