ಶಾಲು ಹೊದಿಸಿದರೆ ಸಾಕೆ?

ನಮ್ಮ ದೇವಸ್ಥಾನಗಳ, ಮಠಗಳ, ಭಜನಾ ಮಂಡಳಿಗಳ ವಾರ್ಷಿಕ ವರದಿಗಳಲ್ಲಿ ತಪ್ಪದೆ ಕಾಣಸಿಗುವ ಮಾತೊಂದುಂಟು: ನಿಸ್ವಾರ್ಥ ಸೇವಾಕರ್ತರೇ ಸಂಸ್ಥೆಯ ಬೆನ್ನೆಲುಬು ಎಂಬುದು. ಕೇಳಲು ಬಲು ಇಂಪಾದ ಮಾತು. ಆದರೆ ಹುಂಡಿಯ ಉತ್ಪನ್ನ ಇಳಿದ ವರ್ಷ, ಆ ವರದಿಗೆ ಸಹಿ ಹಾಕಿದ ಮಹನೀಯರೇ ಖರ್ಚಿನ ಪಟ್ಟಿ ಮುಂದಿಟ್ಟುಕೊಂಡು ಕುಳಿತಾಗ ಅವರ ಕೆಂಪು ಶಾಯಿ ಮೊದಲು ಬೀಳುವುದು ಈ ಬೆನ್ನೆಲುಬಿನ ಮೇಲೆಯೇ. ನಿನ್ನೆಯವರೆಗೆ 'ಸೇವಾಕರ್ತ'ನಾಗಿದ್ದವನು ಇಂದು 'ಹೊರೆ'ಯಾಗುತ್ತಾನೆ. ಸಂಬಳ ಕೇಳಿದಾಗ ಅವನು ಸೇವಕ, ನೌಕರನಲ್ಲ. ಮನೆಗೆ ಕಳಿಸುವಾಗ ಮಾತ್ರ ನೌಕರ, ಸೇವಕನಲ್ಲ! ಈ ಎರಡು ನಾಲಿಗೆಯ ನೀತಿಯನ್ನು ಧರ್ಮದ ಹೆಸರಿನಲ್ಲಿ ನಡೆಸುವುದು ಎಷ್ಟರಮಟ್ಟಿಗೆ ಸರಿ? ನಾವು ಮುಂಬಯಿ ಕನ್ನಡಿಗರು ಇದನ್ನು ನಮ್ಮಲ್ಲೇ ಕೇಳಿಕೊಳ್ಳಬೇಕಾಗಿದೆ.

ಈ ಸೇವಾಕರ್ತರು ಯಾರೆಂಬುದು ಓದುಗ ಬಂಧುಗಳಿಗೆ ತಿಳಿಯದ್ದೇನಲ್ಲ. ಊರು ಬಿಟ್ಟು ಬಂದು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ತಲೆಮಾರು ನಮ್ಮದೇ. ಅವರಲ್ಲಿ ಎಷ್ಟೋ ಮಂದಿಗೆ ಈ ಮಹಾನಗರದಲ್ಲಿ ಆಶ್ರಯವಾಗಿದ್ದುದು ಭಜನಾ ಮಂದಿರದ ಜಗಲಿ, ದೇವಸ್ಥಾನದ ಪ್ರಸಾದದ ಊಟ. ಮೊದಲು ಶನಿವಾರದ ಭಜನೆಗೆ ಬಂದವರು ಹಬ್ಬದಲ್ಲಿ ಬಡಿಸಲು ನಿಂತರು. ಬರಬರುತ್ತಾ ಉಗ್ರಾಣದ ಬೀಗದ ಕೈ ಅವರ ಸೊಂಟಕ್ಕೆ ಬಂತು. ಆಮೇಲೆ ಬೇರೆ ಕೆಲಸ ಹುಡುಕುವ ವಯಸ್ಸು ದಾಟಿತು. ಎರಡು ಹೊತ್ತಿನ ಊಟ, ಮಲಗಲು ಹಿಂಬದಿಯ ಒಂದು ಕೋಣೆ, 'ಗೌರವಧನ' ಎಂಬ ಚಂದದ ಹೆಸರಿನ ಕೈಖರ್ಚು - ಇಷ್ಟೇ ಅವರ ಗಳಿಕೆ. ಹಾಜರಿ ಪುಸ್ತಕವಿಲ್ಲ, ನೇಮಕಾತಿ ಪತ್ರವಿಲ್ಲ, ಪ್ರಾವಿಡೆಂಟ್ ಫಂಡಿಲ್ಲ. ರಜೆ ಕೇಳಿದರೆ 'ದೇವರ ಕೆಲಸಕ್ಕೂ ರಜೆಯೆ?' ಎಂಬ ನಗೆಮಾತು ಬೇರೆ.

ಸ್ವಂತ ಇಚ್ಛೆಯಿಂದ ಬಂದವರೆಂಬುದು ನಿಜ. ಆದರೆ ಮೊದಲ ದಿನದ ಇಚ್ಛೆ ಇಪ್ಪತ್ತನೆಯ ವರ್ಷಕ್ಕೂ ಹಾಗೆಯೇ ಉಳಿಯುತ್ತದೆಯೆ? ಆ ಹೊತ್ತಿಗೆ ಆ ಮನುಷ್ಯನಿಗೆ ಬೇರೆ ಮನೆಯಿಲ್ಲ, ಬೇರೆ ವಿದ್ಯೆಯಿಲ್ಲ, ಊರಿನಲ್ಲಿ ಪಾಲಿನ ಜಮೀನೂ ಉಳಿದಿಲ್ಲ. ಇಚ್ಛೆಯಿಂದ ಬಂದವನು ಅವಲಂಬಿಯಾಗುವ ತನಕ ಅವನ ದುಡಿಮೆಯನ್ನು ಪಡೆದುಕೊಂಡ ಸಂಸ್ಥೆಗೆ ಅವನ ಮುಪ್ಪಿನ ಋಣವೂ ಅಂಟಿಕೊಳ್ಳುತ್ತದೆ. ಇದು ನನ್ನ ವಾದದ ತಿರುಳು.

ಈಗ ಸಂಕಷ್ಟದ ಕಾಲಕ್ಕೆ ಬರೋಣ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಮಹಾರಾಷ್ಟ್ರದಲ್ಲಿ ಪೂಜಾಸ್ಥಾನಗಳು ಭಕ್ತರಿಗೆ ತೆರೆದದ್ದು ಅದೇ ವರ್ಷದ ನವೆಂಬರ್ 16ರಂದು. ಮರುವರ್ಷ ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿ, 2021ರ ಅಕ್ಟೋಬರ್ 7ರ ನವರಾತ್ರಿಗೆ ಪುನಃ ತೆರೆದವು. ಅಷ್ಟೂ ಕಾಲ ಕಾಣಿಕೆಯಿಲ್ಲ, ಸೇವಾ ರಸೀದಿಯಿಲ್ಲ, ಸಭಾಗೃಹಕ್ಕೆ ಮದುವೆಯಿಲ್ಲ. ಸಂಸ್ಥೆಗಳ ಕಷ್ಟ ಸುಳ್ಳಲ್ಲ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಆ ಕಷ್ಟವನ್ನು ಯಾರ ತಲೆಯ ಮೇಲೆ ಇಳಿಸಿದರು?

ದೊಡ್ಡವರಿಂದಲೇ ಆರಂಭಿಸೋಣ. ತಿರುಮಲ ತಿರುಪತಿ ದೇವಸ್ಥಾನದ 2020-21ರ ಆಯವ್ಯಯ ಸುಮಾರು 3,300 ಕೋಟಿ ರೂಪಾಯಿ. ಅಲ್ಲಿನ ವಸತಿಗೃಹಗಳಲ್ಲಿ ಗುಡಿಸಿ ಸಾರಿಸುತ್ತಿದ್ದ 1,300 ಮಂದಿ ಗುತ್ತಿಗೆ ಕೆಲಸಗಾರರಿಗೆ, ಏಪ್ರಿಲ್ 30ಕ್ಕೆ ಗುತ್ತಿಗೆ ಮುಗಿಯಿತು, ಮೇ 1ರಿಂದ ಬರಬೇಡಿ ಎಂದಾಯಿತು. ಮೇ 1, ಕಾರ್ಮಿಕರ ದಿನ! ನಾಲ್ಕೂ ಕಡೆಯಿಂದ ಟೀಕೆ ಬಂದ ಮೇಲೆ ಅವರನ್ನು ಮರಳಿ ತೆಗೆದುಕೊಳ್ಳುವ ತೀರ್ಮಾನವಾಯಿತೆಂಬುದು ಸಮಾಧಾನದ ಸಂಗತಿ. ಅವರು ಸಂಬಳದ ಕೆಲಸಗಾರರು, ಲೆಕ್ಕಕ್ಕೆ ಸಿಕ್ಕುವವರು; ಆದ್ದರಿಂದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಯಾವ ಪುಸ್ತಕದಲ್ಲೂ ಹೆಸರಿಲ್ಲದ ನಮ್ಮ ಉಪನಗರಗಳ ಸೇವಾಕರ್ತರನ್ನು ಕಳಿಸಿದರೆ ಸುದ್ದಿ ಎಲ್ಲಿಂದ ಆಗಬೇಕು?

ನಾನು ಕುಟುಂಬ ಸಮೇತ ವರ್ಷಗಟ್ಟಲೆ ಹೋಗಿಬರುತ್ತಿರುವ ಒಂದು ದೇವಸ್ಥಾನದ ವಿಷಯ ಹೇಳುತ್ತೇನೆ, ಹೆಸರು ಬೇಡ. ಅಲ್ಲಿನ ಅಡಿಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಹೆಂಗಸೊಬ್ಬರಿದ್ದರು. ಮಕ್ಕಳು ಮರಿಯೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಬೆಳಗಿನ ನಾಲ್ಕಕ್ಕೆ ಎದ್ದು ತೆಂಗಿನಕಾಯಿ ತುರಿಯುವುದರಿಂದ ಹಿಡಿದು ರಾತ್ರಿ ಕೊಪ್ಪರಿಗೆ ಬೋರಲು ಹಾಕುವವರೆಗೆ ಅವರದೇ ಕೈ. ಗೌರವಧನ ಕೊನೆಗೆ ತಿಂಗಳಿಗೆ ಆರು ಸಾವಿರ. 2022ರಲ್ಲಿ ಸಮಿತಿಯವರು 'ವೆಚ್ಚ ಪರಿಷ್ಕರಣೆ' ಮಾಡಿದರು. ಅಡಿಗೆಯನ್ನು ಕೇಟರಿಂಗಿನವರಿಗೆ ವಹಿಸಿ, ದೊಡ್ಡಮ್ಮನವರಿಗೂ ಇನ್ನಿಬ್ಬರು ಪರಿಚಾರಕರಿಗೂ ತಿಂಗಳೊಳಗೆ ಕೋಣೆ ತೆರವು ಮಾಡಲು ಹೇಳಿದರು. ಒಂದು ಸಭೆ, ಒಂದು ಶಾಲು, ಒಂದು ಹಾರ, ಫಲತಾಂಬೂಲ, ದೇವರ ಪಟ. ಅಧ್ಯಕ್ಷರ ಭಾಷಣ ಕೇಳಿ ಕೆಲವರು ಕಣ್ಣೊರೆಸಿಕೊಂಡದ್ದೂ ಉಂಟು. ಮರುವಾರ ದೊಡ್ಡಮ್ಮ ಭಾಯಂದರಿನಲ್ಲಿ ಮಗಳು ಬಾಡಿಗೆಗಿರುವ ಒಂದು ಕೋಣೆಯ ಮನೆ ಸೇರಿದರು. ಅದೇ ವರ್ಷದ ವರದಿಯಲ್ಲಿ ಗರ್ಭಗುಡಿಯ ಬಾಗಿಲಿಗೆ ಬೆಳ್ಳಿಯ ಹೊದಿಕೆ ಹಾಕಿಸುವ ನಿಧಿಗೆ ದಾನಿಗಳ ಹೆಸರು ಎರಡು ಪುಟ ತುಂಬಿತ್ತು.

ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಮೇಷ್ಟರು ಕಲಿಸಿದ ಪಾಠವೊಂದಿದೆ: ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ, ಅಷ್ಟೆ. ಖರ್ಚೂ ಹಾಗೆಯೇ. ಸಮಿತಿಯವರು ಉಳಿತಾಯ ಮಾಡಿದೆವೆಂದು ಬರೆದುಕೊಂಡ ಹಣ ಎಲ್ಲಿಯೂ ಉಳಿಯಲಿಲ್ಲ. ಅದು ದೊಡ್ಡಮ್ಮನ ಮಗಳ ಅಡಿಗೆಮನೆಗೆ, ಔಷಧದ ಚೀಟಿಗೆ ವರ್ಗಾವಣೆಯಾಯಿತು. ಸಾವಿರಾರು ಭಕ್ತರು ಹಂಚಿಕೊಂಡು ಹೊರಬಹುದಾದ ಭಾರವನ್ನು ಒಬ್ಬ ಬಡ ಹೆಣ್ಣುಮಗಳ ಹೆಗಲಿಗೆ ಏರಿಸಿ ಅದಕ್ಕೆ ಮಿತವ್ಯಯವೆಂದು ಹೆಸರಿಟ್ಟರೆ ಏನೆನ್ನೋಣ?

ನಾನು ಸರಕಾರಿ ಗುಮಾಸ್ತ. ಲೆಕ್ಕ ಹಾಕುವುದು ಹುಟ್ಟುಗುಣದಂತಾಗಿದೆ. 1972ರ ಗ್ರಾಚುಯಿಟಿ ಕಾಯಿದೆ ತಂದ ಸೂತ್ರ ಎಲ್ಲ ಕಚೇರಿಗಳವರಿಗೂ ಗೊತ್ತು: ಐದು ವರ್ಷ ಸೇವೆ ಸಲ್ಲಿಸಿದವನಿಗೆ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನವೆಂದು ಹಿಡಿದು. ಆರು ಸಾವಿರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿದರೆ 76 ಸಾವಿರ ಚಿಲ್ಲರೆ ಬರುತ್ತದೆ. ಇಪ್ಪತ್ತೆರಡು ವರ್ಷದ ಬೆಳಗಿನ ನಾಲ್ಕು ಗಂಟೆಗಳಿಗೆ ಅಷ್ಟೇ! ಬೆಳ್ಳಿ ಬಾಗಿಲಿನ ಒಂದು ಮೂಲೆಯ ಬೆಲೆಯೂ ಆಗಲಾರದು. ಕೇಳಿದರೆ, ಅವರು ನಮ್ಮ ನೌಕರರಲ್ಲ, ಆ ಕಾಯಿದೆ ಅನ್ವಯಿಸುವುದಿಲ್ಲ ಎಂಬ ಉತ್ತರ ಬಂತು.

ಕಾನೂನಿನ ಮಾತು ಬಂದದ್ದರಿಂದ ಎರಡು ಸಂಗತಿ ಹೇಳಬೇಕು. ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ 1978ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು ಪ್ರಸಿದ್ಧವಾದುದು. ಕೈಗಾರಿಕೆ ಎಂದರೇನು ಎಂದು ಹೇಳುವಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಶುದ್ಧ ಧಾರ್ಮಿಕ ಕಾರ್ಯವನ್ನು ಹೊರಗಿಟ್ಟರೂ, ದೊಡ್ಡ ಪ್ರಮಾಣದಲ್ಲಿ ಪ್ರಸಾದ ಅಥವಾ ಅನ್ನ ತಯಾರಿಸುವ ಕೆಲಸವನ್ನು ಒಳಗೆ ಸೇರಿಸಿದರು. ಮಂತ್ರ ಹೇಳುವುದು ಬೇರೆ, ಕೊಪ್ಪರಿಗೆಯಲ್ಲಿ ಅನ್ನ ಬೇಯಿಸುವುದು ಬೇರೆ. ಬೆಂಕಿಯ ಮುಂದೆ ನಿಂತವರ ಬೆವರು ಎಲ್ಲ ಕಡೆಯೂ ಒಂದೇ ಎಂದು ನಾನು ಅದರಿಂದ ತಿಳಿದುಕೊಂಡಿದ್ದೇನೆ. ಮುಂದೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ದಾನಧರ್ಮದ ಸಂಸ್ಥೆಗಳನ್ನು ಈ ವ್ಯಾಖ್ಯೆಯಿಂದ ಹೊರಗಿಟ್ಟಿತು. ಸಮಿತಿಯ ವಕೀಲರಿಗೆ ಇದು ಅನುಕೂಲವೇ. ಆದರೆ ಕಾನೂನು ಬಿಟ್ಟ ಜಾಗದಲ್ಲಿ ಧರ್ಮ ನಿಲ್ಲಬೇಕಲ್ಲವೆ? ಕಾರಖಾನೆಯ ಮಾಲಿಕ ಕಾನೂನಿಗೆ ಹೆದರಿ ಮಾಡುವುದನ್ನು ಧರ್ಮಸಂಸ್ಥೆ ದೇವರಿಗಾದರೂ ಹೆದರಿ ಮಾಡಬೇಡವೆ?

ಎರಡನೆಯದು ನಮ್ಮ ಸರಕಾರದ್ದೇ ಕಥೆ. ಕೇಂದ್ರ ಜಲ ಆಯೋಗದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಕಸ ಗುಡಿಸಿದ, ತೋಟ ನೋಡಿಕೊಂಡ ಬಡವರನ್ನು 2018ರಲ್ಲಿ ಏಕಾಏಕಿ ಕೆಲಸದಿಂದ ತೆಗೆದಿದ್ದರು. ಅವರು 'ಅರೆಕಾಲಿಕ'ರು, ತಾತ್ಕಾಲಿಕರು ಎಂಬುದು ಇಲಾಖೆಯ ವಾದ. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ, ಅವರನ್ನು ಮರಳಿ ತೆಗೆದುಕೊಂಡು ಕಾಯಂ ಮಾಡುವಂತೆ ಆಜ್ಞೆ ಮಾಡಿತು. ಹಣೆಪಟ್ಟಿ ಏನೇ ಇರಲಿ, ವರ್ಷಾನುಗಟ್ಟಲೆ ನಡೆದ ಕೆಲಸವೇ ಮುಖ್ಯ ಎಂಬುದು ಅದರ ಸಾರ. ಕರುಣೆಗೆ ಹೆಸರಾಗದ ಸರಕಾರಿ ಇಲಾಖೆಗೇ ಈ ನ್ಯಾಯ ಅನ್ವಯಿಸುವುದಾದರೆ, ಕರುಣಾಮಯನ ಸನ್ನಿಧಿಗೆ ಅನ್ವಯಿಸಬಾರದೆ?

ಇನ್ನು ಕೆಲವರು ನಿಷ್ಕಾಮ ಕರ್ಮದ ಉಪದೇಶ ತೆಗೆಯುತ್ತಾರೆ. ಸೇವೆ ಮಾಡಿದವನು ಫಲ ಬಯಸಬಾರದಂತೆ. ಒಪ್ಪೋಣ. ಆದರೆ ಆ ಉಪದೇಶ ಇರುವುದು ಕೆಲಸ ಮಾಡುವವನಿಗೆ. ಮಾಡಿಸಿಕೊಂಡವನು ಕೊಡಬೇಕಾದ್ದನ್ನು ಕೊಡಬೇಡ ಎಂದು ಯಾವ ಶಾಸ್ತ್ರವೂ ಹೇಳಿದ್ದು ನಾನು ಕಾಣೆ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಸಭೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಮಹಾತಾಯಿ ಆಕೆ. ಈ ಕಥೆಯನ್ನು ಸೇವಾಕರ್ತರಿಗೇ ಏಕೆ ಹೇಳಬೇಕು? ಅಗತ್ಯಕ್ಕಿಂತ ಹೆಚ್ಚಿನದು ಠೇವಣಿಯಾಗಿ ಬ್ಯಾಂಕಿನಲ್ಲಿ ಕುಳಿತಿರುವುದು ಸಂಸ್ಥೆಗಳಲ್ಲಿ. ಲಕ್ಕಮ್ಮನ ಪಾಠ ಮೊದಲು ಆಡಳಿತ ಮಂಡಳಿಗೆ ಆಗಬೇಕು.

ಪರಂಪರೆಯ ಮಾತಾಡುವವರಿಗೆ ತಂಜಾವೂರಿನ ಬೃಹದೀಶ್ವರ ದೇವಾಲಯವನ್ನು ತೋರಿಸುತ್ತೇನೆ. 11ನೆಯ ಶತಮಾನದ ಆದಿಯಲ್ಲಿ ರಾಜರಾಜ ಚೋಳನು ಅಲ್ಲಿ ಕಲ್ಲಿನ ಮೇಲೆ ಕೊರೆಸಿದ್ದು ದಾನಿಗಳ ಹೆಸರನ್ನಷ್ಟೇ ಅಲ್ಲ. ದೇವರ ಸೇವೆಯ 400 ಮಂದಿ ಸ್ತ್ರೀಯರ ಹೆಸರು, ಅವರು ಯಾವ ಊರಿನವರು, ಯಾವ ಬೀದಿಯಲ್ಲಿ ಎಷ್ಟನೆಯ ಮನೆ, ವರ್ಷಕ್ಕೆ ತಲಾ 100 ಕಲಂ ಭತ್ತದ ಪಾಲು - ಎಲ್ಲವನ್ನೂ ಬರೆಸಿದ್ದಾನೆ. ವಾದ್ಯದವರು, ಲೆಕ್ಕದವರು, ದರ್ಜಿಗಳಿಗೂ ಪಾಲು ಗೊತ್ತುಮಾಡಿದ್ದಾನೆ. ಪಾಲು ಪಡೆದವರು ತೀರಿಕೊಂಡರೆ ಹತ್ತಿರದ ಸಂಬಂಧಿಗಳಿಗೆ ಸಲ್ಲಬೇಕೆಂಬ ಕಟ್ಟಳೆಯೂ ಉಂಟು. ಆ ಕಾಲದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆ ಸೇವೆಯ ಕಟ್ಟುಗಳು ನಮಗೆ ಬೇಡ. ಆದರೆ ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಕೆಲಸದವರ ಹೆಸರಿಗೆ ಇದ್ದ ಜಾಗ, ಇಂದು ನಮ್ಮ ಕಂಪ್ಯೂಟರಿನಲ್ಲಿ ಇಲ್ಲವೆಂದರೆ ನಾಚಿಕೆಪಡಬೇಕಾದ್ದೇ.

ಬರಿದೆ ದೂರಿದರೆ ಆಗದು. ಏನು ಮಾಡಬೇಕೆಂದು ಹೇಳಬೇಕು. ಒಂದು, ಐದು ವರ್ಷ ಮೀರಿ ದುಡಿದ ಪ್ರತಿಯೊಬ್ಬ ಸೇವಾಕರ್ತನ ಹೆಸರು, ಸೇರಿದ ದಿನ, ಕೆಲಸ ಇವಿಷ್ಟೂ ಒಂದು ದಾಖಲೆ ಪುಸ್ತಕದಲ್ಲಿ ಇರಲಿ. ಎರಡು, ಕಾಣಿಕೆಯಲ್ಲಿ ನೂರಕ್ಕೆ ಒಂದೆರಡು ರೂಪಾಯಿ ಅವರ ಮುಪ್ಪಿನ ನಿಧಿಗೆ ಹೋಗಲಿ. ಮೂರು, ಕಡಿತ ಅನಿವಾರ್ಯವಾದರೆ ಮೊದಲು ಅಲಂಕಾರ, ಮೆರವಣಿಗೆ, ಬೆಳ್ಳಿ ಬಂಗಾರ, ಕಟ್ಟಕಡೆಗೆ ಮನುಷ್ಯ. ನಾಲ್ಕು, ಕಳಿಸಲೇಬೇಕಾದರೆ ಆರು ತಿಂಗಳ ಮುನ್ಸೂಚನೆ, ಗ್ರಾಚುಯಿಟಿಯ ಲೆಕ್ಕದಷ್ಟಾದರೂ ಹಣ. ಹೋಗಲು ಜಾಗವಿಲ್ಲದವರಿಗೆ ಇದ್ದ ಕೋಣೆಯೇ ಉಳಿಯಲಿ.

ಇದನ್ನು ಮಾಡಿಸುವ ಶಕ್ತಿ ನಮ್ಮಲ್ಲಿದೆ. 1950ರಿಂದ ಇರುವ ಸಾರ್ವಜನಿಕ ನ್ಯಾಸಗಳ ಕಾಯಿದೆಯಂತೆ ಈ ರಾಜ್ಯದ ನೋಂದಾಯಿತ ದೇವಸ್ಥಾನಗಳು ಲೆಕ್ಕ ತಪಾಸಣೆ ಮಾಡಿಸಿ ಚಾರಿಟಿ ಕಮಿಷನರರಿಗೆ ಒಪ್ಪಿಸಬೇಕು. ದೇವಸ್ಥಾನಕ್ಕೆ ನಿತ್ಯ ಪೂಜೆಗೆ ಹೋಗಿಬರುವ ಭಕ್ತನನ್ನೂ ಆ ಕಾಯಿದೆ 'ಹಿತಾಸಕ್ತಿಯುಳ್ಳ ವ್ಯಕ್ತಿ' ಎಂದು ಪರಿಗಣಿಸುತ್ತದೆ. ಅಂದರೆ ಕೇಳುವ ಹಕ್ಕು ಕೋಟಿ ಕೊಟ್ಟವರಿಗಷ್ಟೇ ಇರುವುದಲ್ಲ, ಹತ್ತು ರೂಪಾಯಿಯ ಕುಂಕುಮಾರ್ಚನೆ ಮಾಡಿಸಿದವರಿಗೂ ಇದೆ. ನಾವಾದರೋ ಸರ್ವಸದಸ್ಯರ ಸಭೆಗೆ ಹೋಗಿ, ಲೆಕ್ಕಪತ್ರ ಓದುವಾಗ ಪಕ್ಕದವರೊಡನೆ ಊರಿನ ಸುದ್ದಿ ಮಾತಾಡಿ, ಚಪ್ಪಾಳೆ ತಟ್ಟಿ, ಊಟ ಮಾಡಿ ಬರುತ್ತೇವೆ. ಆ ಊಟ ಬಡಿಸಿದವರ ವಿಷಯ ಲೆಕ್ಕಪತ್ರದ ಯಾವ ಪುಟದಲ್ಲಿದೆ ಎಂದು ಒಬ್ಬರಾದರೂ ಎದ್ದು ಕೇಳಿದ್ದುಂಟೆ?

ಮುಂದಿನ ಸಭೆಯಲ್ಲಿ ಕೇಳೋಣ. ದಾನ ಕೊಡುವಾಗ ರಸೀದಿಯ ಮೇಲೆ 'ಸೇವಾಕರ್ತರ ನಿಧಿಗೆ' ಎಂದು ಬರೆಸೋಣ. ಅಂಥ ನಿಧಿಯೇ ಇಲ್ಲವೆಂದರೆ, ಆಗುವ ತನಕ ಬೆಳ್ಳಿಗೆ ಕೊಡುವುದಿಲ್ಲ ಎಂದು ವಿನಯದಿಂದಲೇ ಹೇಳೋಣ. ಶಾಲು ಹೊದಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಅದನ್ನು ಹೊದ್ದು ಮಲಗಲು ಮನುಷ್ಯನಿಗೆ ಒಂದು ಸೂರಿರಬೇಕು, ಅಷ್ಟೆ.